ಮೇಲಿನ ಗುಡ್ಡದಲ್ಲಿ ಉಣ್ಣಿ ಇಲ್ಲ

"ಕುಂಡಿ ತೊಳಕೊಳಾಕೆ ಬರಲ್ಲ, ಜ್ವರಕ್ಕೆ ಹೆಸರಿಡಾಕೆ ಬಂದ್ಬಿಟ್ರು ಮುಂಡೇವು!" ತೋಟದ ಯಜಮಾನ ಪಾಂಗ್ ನಮ್ಮ ಬುಟ್ಟಿಗಳ ಮುಂದೆ ಉಗುಳಿದ. "ಮುದುಕಿ ಹಳಸಿದ್ದು ತಿಂದು ಸತ್ತಳು ಅನ್ರಿ. ಉಣ್ಣಿ ಗಿಣ್ಣಿ ಅಂದ್ರೋ, ನನ್ನ ಚಹಾನ ನಾಯೀನೂ ಮೂಸಲ್ಲ."

ಆ ಮುದುಕಿ ನನ್ನ ಅತ್ತೆ. ಹೊಸ ಚಿಗುರಿನ ಕಾಲಕ್ಕೆ ಚೀನಾದ ಹೆನಾನಿನ ಈ ಗುಡ್ಡಗಳಿಗೆ ಚಹಾ ಎಲೆ ಕೀಳಲು ಬಂದವರು ನಾವು. ಏಳು ದಿನ ಜ್ವರ, ಎಂಟನೆಯ ದಿನ ಮೂಗು ಬಾಯಲ್ಲಿ ರಕ್ತ. ಮೈ ಆರುವ ಮೊದಲೇ ಸತ್ತವರಿಗೆ ಬಟ್ಟೆ ತೊಡಿಸಬೇಕು, ಇಲ್ಲದಿದ್ದರೆ ಹೋದಲ್ಲಿ ಚಳಿಗೆ ನಡುಗುತ್ತಾರೆ. ನಾದಿನಿ ಯುನ್‌ಶ್ಯಾ ಬರಿಗೈಯಲ್ಲಿ ರಕ್ತ ಒರೆಸಿ ತೊಡಿಸಿದಳು. ಈಗ ಅವಳೂ ಅದೇ ಜ್ವರ ಹತ್ತಿ ಷೆಡ್ಡಿನಲ್ಲಿ ಮಲಗಿದ್ದಾಳೆ.

ಇದು ಉಣ್ಣಿ ಕಚ್ಚಿ ಬಂದ ಜ್ವರವೇ ಎಂದು ನೋಡಲು ನಗರದಿಂದ ಬಂದ ಡಾಕ್ಟರ್ ಶೆನ್ ಎಂಬಾಕೆ ಕೋಲಿಗೆ ಬಿಳಿ ಬಟ್ಟೆ ಕಟ್ಟಿ ಹುಲ್ಲಿನ ಮೇಲೆ ಎಳೆದಳು. ಉಣ್ಣಿ ಇದ್ದರೆ ಬಟ್ಟೆಗೆ ಹತ್ತುತ್ತದಂತೆ. ಎಳೆದದ್ದೆಲ್ಲಿ? ರಸ್ತೆ ಪಕ್ಕದ ಕೆಳತೋಟದಲ್ಲಿ. ಅಲ್ಲಿ ಯಜಮಾನ ಮೂರು ದಿನದಿಂದ ನಮ್ಮ ಕೈಯಲ್ಲೇ ಹುಲ್ಲು ಸವರಿಸಿ ಔಷಧಿ ಹೊಡೆಸಿದ್ದ. ಬಟ್ಟೆ ತೊಳೆದ ಅಕ್ಕಿಯ ಹಾಗೆ ಬೆಳ್ಳಗೇ ಉಳಿಯಿತು.

"ನೋಡಿದ್ರಾ ಮೇಡಂ?" ಯಜಮಾನನ ಹಲ್ಲೆಲ್ಲ ಹೊರಗೆ. "ಮೇಲಿನ ಗುಡ್ಡಕ್ಕೆ ದಾರಿ ಇಲ್ಲ, ಕುಸಿದೈತೆ. ಬನ್ನಿ, ಚಹಾ ಕುಡೀರಿ."

"ದಾರಿ ಇಲ್ವಂತೆ! ನಾವೇನು ದಿನಾ ರೆಕ್ಕೆ ಕಟ್ಕಂಡು ಹೋಯ್ತೀವಾ?" ನನ್ನ ಪಕ್ಕದ ತಾಂಗ್ ಅಕ್ಕ ಗೊಣಗಿದಳು.

ನಾನು ಮುಂದೆ ಹೋದೆ. "ಡಾಕ್ಟ್ರಮ್ಮ, ಉಣ್ಣಿ ಸಿಕ್ರೆ ಏನ್ಮಾಡ್ತೀರಿ?"

"ಜ್ವರ ಇರೋರನ್ನ ಈಗ್ಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಸಿಗ್ದೇ ಇದ್ರೆ..." ಆಕೆ ಯಜಮಾನನ ಬಗಲಲ್ಲಿದ್ದ ಊರಿನ ಅಧಿಕಾರಿಯ ಮುಖ ನೋಡಿದಳು. "ಊಟದಲ್ಲಿ ವಿಷ ಅಂತ ಇವರು ಬರ್ಸಿಟ್ಟಿದಾರೆ."

ಅವರು ಅಂಗಳದ ಮೇಜಿಗೆ ಕೂತರು. ಗೋಡೆಗೆ ಒರಗಿಸಿದ್ದ ಬಟ್ಟೆ ಕಟ್ಟಿದ ಕೋಲನ್ನು ನಾನು ಎತ್ತಿಕೊಂಡೆ.

"ಏಯ್ ಹಾದರಗಿತ್ತಿ, ಎಲ್ಲಿಗೆ?"

"ಉಚ್ಚೆ ಹೊಯ್ಯಾಕೆ. ಕಾವಲಿಗೆ ಬತ್ತೀಯಾ?"

"ಕೋಲ್ಯಾಕೆ?"

"ಹಾವಿಗೆ. ಉಣ್ಣಿ ಇಲ್ಲ ಅಂದೆ, ಹಾವೂ ಇಲ್ವಾ?"

ಹೆಂಗಸರು ಕಿಸಕ್ಕನೆ ನಕ್ಕರು. ಯಜಮಾನ ಎದ್ದ. ತಾಂಗ್ ಅಕ್ಕ ತನ್ನ ಬುಟ್ಟಿಯನ್ನು ದಾರಿಗೆ ಅಡ್ಡ ಇಟ್ಟಳು, ಪಕ್ಕದವಳೂ ಇಟ್ಟಳು. ಬೆಳಗಿನಿಂದ ಕಿತ್ತ ಚಿಗುರು. ಅದನ್ನು ತುಳಿಯಲು ಅವನಿಗೆ ಕಾಲೇಳಲಿಲ್ಲ. ನಮ್ಮನ್ನಾಗಿದ್ದರೆ ತುಳಿದೇ ಹೋಗುತ್ತಿದ್ದ.

ಮೇಲಿನ ಗುಡ್ಡದಲ್ಲಿ, ಅತ್ತೆ ಕಿತ್ತ ಕೊನೆಯ ಸಾಲಿನ ಎರಡೂ ಬದಿ ಬಟ್ಟೆ ಎಳೆದೆ. ಇಳಿದು ಬಂದು ಅದನ್ನು ಅವರ ಮೇಜಿನ ಮೇಲೆ, ಬಟ್ಟಲುಗಳ ಸಮೇತ ಮುಚ್ಚುವ ಹಾಗೆ ಹಾಸಿದೆ.

ಬಟ್ಟೆ ತುಂಬ ಉಣ್ಣಿ ಹರಿದಾಡುತ್ತಿದ್ದವು.

ಅಧಿಕಾರಿ ಗೇಟಿನತ್ತ ಓಡಿದ. ಯಜಮಾನ ಕುರ್ಚಿ ಹತ್ತಿ ನಿಂತು ಪ್ಯಾಂಟು ಮೊಣಕಾಲಿಗೆತ್ತಿಕೊಂಡ. ಡಾಕ್ಟರ್ ಮಾತ್ರ ಚಿಮಟ ತೆಗೆದು ಒಂದೊಂದನ್ನೇ ಸೀಸೆಗೆ ಹಾಕತೊಡಗಿದಳು. ತಲೆ ಎತ್ತದೆ ಕೂಗಿದಳು: "ಜ್ವರ ಇರೋರೆಲ್ಲ ಬನ್ನಿ!"

ಯುನ್‌ಶ್ಯಾಳನ್ನು ಬೆನ್ನಿಗೆ ಹಾಕಿಕೊಂಡು ಬರುವಷ್ಟರಲ್ಲಿ ಡಾಕ್ಟರ ಜೀಪಿನ ಹತ್ತಿರ ಐವರು ನಿಂತಿದ್ದರು. ಕೂಲಿ ಹೋದೀತೆಂದು ಬಾಯಿ ಬಿಡದೆ ಜ್ವರದಲ್ಲೇ ಎಲೆ ಕೀಳುತ್ತಿದ್ದವರು. ಕೊನೆಯವಳು ತಾಂಗ್ ಅಕ್ಕ.

"ಅಕ್ಕಾ, ನೀನೂ?"

"ಮೂರು ದಿನ ಆಯ್ತು ಕಣೆ."

ಜೀಪಿನಲ್ಲಿ ಇಬ್ಬರಿಗಷ್ಟೇ ಜಾಗವಿತ್ತು. ತಾಂಗ್ ಅಕ್ಕ ಅಂಗಳದತ್ತ ನೋಡಿದಳು. ಅಲ್ಲಿ ಯಜಮಾನನ ಕರಿ ಕಾರು, ಒಳಗೆ ಬೀಗದ ಕೈ ನೇತಾಡುತ್ತಿತ್ತು.

"ಡ್ರೈವರಣ್ಣ, ಅದನ್ನೂ ಓಡಿಸೋರಿದ್ರೆ ಕರಿ," ಅಂದಳು. ಹಿಂದಿನ ಬಾಗಿಲು ತೆಗೆದು, ಕೆಸರುಗಾಲಲ್ಲೇ ಹತ್ತಿ ಕೂತು, ಉಳಿದವರಿಗೆ ಸರಿದು ಜಾಗ ಮಾಡಿದಳು.

"ಸೂಳೇರಾ, ನನ್ ಕಾರು! ಇಳೀರೇ ಕೆಳಗೆ!"

ಯಜಮಾನ ಕೂಗುತ್ತಲೇ ಇದ್ದ. ಕುರ್ಚಿಯಿಂದ ಮಾತ್ರ ಇಳಿಯಲಿಲ್ಲ.