ಹೊಲಿಗೆ ಬಿಚ್ಚುವ ಮೊದಲು

ಮೂರನೆಯ ಮಹಡಿಯ ಮನೆ ತಲುಪುವಷ್ಟರಲ್ಲಿ ಅವನು ಎರಡು ಕಡೆ ನಿಲ್ಲುತ್ತಿದ್ದ. ಮೊದಲು ಫೋನ್ ನೋಡುವ ನೆಪ, ಆಮೇಲೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪ. ಒಂದು ವರ್ಷದ ಹಿಂದೆ ಅವನ ಅಣ್ಣ ಇದೇ ಮೆಟ್ಟಿಲ ಮೇಲೆ ಹೀಗೆಯೇ ನಿಂತವನು ಮತ್ತೆ ಹತ್ತಲಿಲ್ಲ. ಹೃದಯಾಘಾತ ಎಂದರು. ಅಣ್ಣನಿಗೆ ಆಗ ನಲವತ್ತಾರು. ಇವನಿಗೆ ಈಗ ನಲವತ್ನಾಲ್ಕು.

ಹುಡುಗರಾಗಿದ್ದಾಗ ಇಬ್ಬರೂ ದಿನಾ ಬೆಳಿಗ್ಗೆ ನೀರಿನ ಟ್ಯಾಂಕಿನವರೆಗೆ ಓಡಿ ಬರುತ್ತಿದ್ದರು. ಕೆಲಸ, ಮದುವೆ, ಪಾಳಿ ಎಂದು ಯಾವತ್ತು ಬಿಟ್ಟರೋ ಇಬ್ಬರಿಗೂ ನೆನಪಿರಲಿಲ್ಲ. ಅಣ್ಣ ಹೋದ ಮೇಲೆ ಒಂದು ಬೆಳಿಗ್ಗೆ ತಮ್ಮ ಆ ಹಳೆಯ ದಾರಿ ಹಿಡಿದ. ಏಕೆಂದು ಅವನು ಹೇಳಲಿಲ್ಲ, ಹೆಂಡತಿ ಕೇಳಲಿಲ್ಲ. ಆ ಮನೆಯಲ್ಲಿ ಸತ್ತವನ ಮಾತು ಬಂದರೆ ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಮಾತ್ರ ಜೋರಾಗುತ್ತಿತ್ತು.

ಅವನ ಕೆಲಸ ಲಾರಿ ತೂಗುವುದು. ಹೆದ್ದಾರಿಯ ಪಕ್ಕದಲ್ಲಿ ನೆಲಕ್ಕೆ ಸಮವಾಗಿ ಕೂರಿಸಿದ ದೊಡ್ಡ ಕಬ್ಬಿಣದ ಹಲಗೆ, ಅದರ ಪಕ್ಕದ ಗೂಡಿನಲ್ಲಿ ಇವನು. ಲಾರಿ ಹಲಗೆ ಹತ್ತಿದರೆ ಅಂಕಿ ಬರುತ್ತದೆ, ಇವನು ಚೀಟಿ ಹರಿದು ಕೊಡುತ್ತಾನೆ. ಡ್ರೈವರುಗಳು ಅವನಿಗೆ ‘ತಕ್ಕಡಿ’ ಎಂದೇ ಹೆಸರಿಟ್ಟಿದ್ದರು. ಯಾರಾದರೂ ಜಗಳ ತೆಗೆದರೆ ಅವನದು ಒಂದೇ ಮಾತು: “ಮನುಷ್ಯ ಸುಳ್ಳು ಹೇಳ್ತಾನೆ, ತೂಕ ಹೇಳಲ್ಲ.”

ಆ ನಂಬಿಕೆಯನ್ನೇ ಮನೆಗೂ ತಂದ. ಓಟ ಶುರುವಾದ ವಾರವೇ ಒಂದು ತೂಕದ ಯಂತ್ರ ಬಂತು. ಎದ್ದ ಕೂಡಲೇ ಒಮ್ಮೆ, ಓಡಿ ಬಂದ ಮೇಲೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಅದರ ಮೇಲೆ ನಿಲ್ಲುತ್ತಿದ್ದ. ಅಂಕಿಯನ್ನು ಹಳೆಯ ಚೀಟಿಗಳ ಬೆನ್ನಿಗೆ ಬರೆದು ಗೋಡೆಯ ಮೊಳೆಗೆ ಚುಚ್ಚುತ್ತಿದ್ದ. ಮೊದಲ ಮೂರು ವಾರದಲ್ಲಿ ಎರಡು ಕೆಜಿ ಇಳಿಯಿತು. ಆಮೇಲೆ ಅಂಕಿ ಹಟ ಹಿಡಿದು ಕೂತಿತು. ಒಂಬತ್ತನೆಯ ವಾರ ಎಂಟುನೂರು ಗ್ರಾಂ ಮೇಲಕ್ಕೇ ಹೋಯಿತು.

ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ರಾತ್ರಿಯ ಊಟ ಬಿಟ್ಟ. ಓಟವನ್ನು ಎರಡರಷ್ಟು ಮಾಡಿದ. ಯಂತ್ರ ಕಡಿಮೆ ತೋರಿಸಲಿ ಎಂದು ನೀರನ್ನೂ ಗುಟುಕಿಗೆ ಇಳಿಸಿದ.

ನಾಲ್ಕನೆಯ ದಿನ ಮಧ್ಯಾಹ್ನ, ಹಲಗೆಯ ಮೇಲೆ ಉದುರಿದ್ದ ಜಲ್ಲಿ ಗುಡಿಸುವಾಗ ಕಣ್ಣಿಗೆ ಕತ್ತಲೆ ಬಂತು. ಅಲ್ಲೇ ಕುಸಿದು ಕೂತ. ಹಲಗೆ ಹತ್ತಲು ಬರುತ್ತಿದ್ದ ಮರಳಿನ ಲಾರಿ ಎರಡು ಮಾರು ದೂರದಲ್ಲಿ ಕಿರುಚಿ ನಿಂತಿತು.

ಆರೋಗ್ಯ ಕೇಂದ್ರಕ್ಕೆ ಅವನನ್ನು ಕರೆತಂದವನು ಆ ಲಾರಿಯ ಮುದುಕ ಡ್ರೈವರ್. “ಮೂವತ್ತು ವರ್ಷ ಗಾಡಿ ಓಡಿಸಿದೀನಿ ಸಿಸ್ಟರ್, ಹೀಗೆ ಬ್ರೇಕ್ ತುಳಿದದ್ದು ಇವತ್ತೇ. ದಿನಾ ಓಡ್ತಾನಂತೆ, ಈ ವಯಸ್ಸಲ್ಲಿ ಇವನಿಗೆ ಓಟ ಯಾಕೆ ಬೇಕಿತ್ತು? ನಾಯಿ ಏನಾದ್ರೂ ಅಟ್ಟಿಸ್ಕೊಂಡು ಬಂದಿತ್ತಾ?”

ಅಣ್ಣನ ಸಾವು, ಓಟ, ಬಿಟ್ಟ ಊಟ ಎಲ್ಲ ಕೇಳಿಕೊಂಡು ಡಾಕ್ಟರು ಹೃದಯದ ಪರೀಕ್ಷೆ ಮಾಡಿಸಿದರು. ಹೃದಯ ಸರಿಯಿತ್ತು, ರಕ್ತದೊತ್ತಡ ಮಾತ್ರ ಏರುಪೇರಾಗಿತ್ತು. ಹೊಟ್ಟೆ ಖಾಲಿ, ಮೈಯಲ್ಲಿ ನೀರಿಲ್ಲ ಎಂದು ಹೇಳಿ ನರ್ಸ್‌ಗೆ ಒಪ್ಪಿಸಿ ಹೋದರು. ಅಷ್ಟರಲ್ಲಿ ಹೆಂಡತಿ ಓಡಿ ಬಂದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಾಬರಿಯಲ್ಲಿ ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು.

“ಓಡೋಕೆ ಶುರು ಮಾಡೋ ಮುಂಚೆ ಒಂದ್ಸಲ ಇಲ್ಲಿಗೆ ಬರಬಾರದಿತ್ತಾ ಅಣ್ಣ?” ಎಂದರು ನರ್ಸ್. “ಮನೇಲಿ ಹೃದಯದ ಕಾಯಿಲೆ ಇದ್ದವರು ಕೇಳಿಕೊಂಡೇ ಶುರು ಮಾಡಬೇಕು.”

“ಬಂದಿದ್ರೂ ಏನು ಸಿಸ್ಟರ್. ಓಡಿ ಪ್ರಯೋಜನ ಇಲ್ಲ. ತೂಕ ಏರ್ತಾ ಇದೆ. ತೂಕ ಸುಳ್ಳು ಹೇಳಲ್ಲ.”

“ಆಯ್ತು. ಲಾರಿ ತೂಗುವಾಗ ಡ್ರೈವರ್ ಒಳಗೇ ಕೂತಿದ್ರೆ?”

“ಕೆಳಗಿಳಿಸ್ತೀನಿ.”

“ಇಳಿಸೋದೇನು, ಬೈದು ಇಳಿಸ್ತಾನೆ,” ಎಂದ ಬಾಗಿಲಲ್ಲಿದ್ದ ಮುದುಕ.

“ಬೆಳಿಗ್ಗೆ ಒಣ ಮರಳು, ಸಂಜೆ ಅದೇ ಮರಳು ಮಳೇಲಿ ನೆಂದು ಬಂದ್ರೆ?”

“ತೂಕ ಜಾಸ್ತಿ ಬರುತ್ತೆ. ಅದು ಮರಳಲ್ಲ, ನೀರು.”

“ಮತ್ತೆ ನಿಮ್ಮ ಮೈಯಲ್ಲಿರೋದು ನೀರಲ್ಲವಾ? ಬೆಳಿಗ್ಗೆಗೂ ಸಂಜೆಗೂ ಒಂದು ಕೆಜಿ ಆಚೀಚೆ ಆಗೋದು ಮಾಮೂಲಿ. ಎಷ್ಟೋ ವರ್ಷ ಸುಮ್ಮನಿದ್ದ ಕಾಲು ಮತ್ತೆ ಓಡಿದಾಗ ಸ್ನಾಯು ನೀರು ಹಿಡ್ಕೊಳ್ಳುತ್ತೆ, ಅಂಕಿ ಏರುತ್ತೆ. ಅದನ್ನ ಕೊಬ್ಬು ಅಂದ್ಕೊಂಡು ಊಟ ಬಿಟ್ರಿ. ಲಾರಿಗೆ ಇರೋ ನ್ಯಾಯ ನಿಮಗೆ ಬೇಡವಾ?”

ಅವನು ನರ್ಸ್ ಕೊಟ್ಟಿದ್ದ ನೀರಿನ ಲೋಟ ಎತ್ತಿ ಪೂರ್ತಿ ಕುಡಿದ.

“ವಾರಕ್ಕೆ ಒಂದೇ ಸಲ ತೂಗಿ. ಅದೇ ದಿನ, ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನೋ ಮುಂಚೆ, ಅದೇ ಯಂತ್ರ. ಒಂದು ವಾರದ ಅಂಕಿಗೆ ಹಿಗ್ಗೋದೂ ಬೇಡ, ಕುಗ್ಗೋದೂ ಬೇಡ. ನಾಲ್ಕು ವಾರ ಒಟ್ಟಿಗಿಟ್ಟು ನೋಡಿ. ಜೊತೆಗೆ ಸೊಂಟ ಅಳೀರಿ. ಹೊಕ್ಕುಳ ಮಟ್ಟಕ್ಕೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳ್ಕೊಳ್ಳದೆ. ಅಕ್ಕ, ಟೇಪು ಕೊರಳಲ್ಲೇ ಇದೆಯಲ್ಲ, ಈಗಲೇ ನೋಡಿ.”

ಹೆಂಡತಿ ಟೇಪು ತೆಗೆದಳು. “ಓಟಕ್ಕೆ ಹೋಗೋ ಮುಂಚೆ ಪ್ಯಾಂಟಿಗೆ ಅಳತೆ ತಗೊಂಡಿದ್ದೆ. ಇವರಿಗೆ ಪ್ಯಾಂಟು ಹೊಕ್ಕುಳ ಹತ್ತಿರವೇ ಕೂರಬೇಕು. ನಲವತ್ತೊಂದು ಇಂಚು ಇತ್ತು.” ಸುತ್ತಿ ನೋಡಿದಳು. ಇನ್ನೊಮ್ಮೆ ನೋಡಿದಳು. “ಮೂವತ್ತೊಂಬತ್ತೂವರೆ ರೀ.”

“ನೋಡಿದ್ರಾ? ಯಂತ್ರ ಹೇಳದ್ದನ್ನ ಟೇಪು ಹೇಳ್ತು,” ಎಂದರು ನರ್ಸ್. “ಮೊದಲ ವಾರ ನಿಲ್ಲದೆ ಎಷ್ಟು ಓಡ್ತಿದ್ರಿ?”

“ಮೂರು ಲೈಟು ಕಂಬ.”

“ಈಗ?”

ಅವನು ಯೋಚಿಸಿದ. ಅದನ್ನು ಅವನು ಬರೆದಿಟ್ಟಿರಲಿಲ್ಲ. “ಟ್ಯಾಂಕಿನವರೆಗೂ ಹೋಗ್ತೀನಿ.”

ಹೆಂಡತಿಯ ಕಣ್ಣು ಟೇಪಿನ ಮೇಲೇ ಇತ್ತು. ಹೆಬ್ಬೆರಳು ಒಂದೊಂದೇ ಅಂಕಿಯ ಮೇಲೆ ಸರಿಯುತ್ತಿತ್ತು.

“ಭಾವನದು ಮೂವತ್ತನಾಲ್ಕು ಇತ್ತು, ನಾನು ಮದುವೆಯಾಗಿ ಬಂದಾಗ,” ಎಂದಳು. “ಆಮೇಲೆ ಮೂವತ್ತಾರು. ಮೂವತ್ತೊಂಬತ್ತು. ಕೊನೇ ಸಲ ನಲವತ್ತೆರಡು. ಪ್ರತಿ ಸಲವೂ ‘ಸ್ವಲ್ಪ ಸಡಿಲ ಮಾಡಿಕೊಡಮ್ಮ’ ಅಂತ ಬರ್ತಿದ್ರು. ನಾನೇ ಹೊಲಿಗೆ ಬಿಚ್ಚಿ ಕೊಟ್ಟೆ. ‘ಏನ್ ಭಾವ, ಬಟ್ಟೆ ಅಂಗಡಿಯವನಿಗೆ ಒಳ್ಳೇ ಗಿರಾಕಿ ಆದ್ರಿ’ ಅಂತ ನಗಾಡಿದ್ದೆ. ಅಳತೆ ನನ್ನ ಕೈಯಲ್ಲೇ ಇತ್ತು.”

ಒಂದು ವರ್ಷದಿಂದ ಆ ಮನೆಯಲ್ಲಿ ಬಾಯಿ ಕಟ್ಟಿಕೊಂಡು ಕೂತಿದ್ದ ಮಾತು ಅದು.

ಅವನು ಅವಳ ಕೈಯಿಂದ ಟೇಪು ತೆಗೆದುಕೊಂಡು ಮೆಲ್ಲಗೆ ಸುತ್ತಿದ. “ಇನ್ಮೇಲೆ ತಿಂಗಳಿಗೆ ಎರಡು ಸಲ ನೀನೇ ಅಳಿ,” ಎಂದ. “ಏರಿದ್ರೂ ಹೇಳು, ಇಳಿದ್ರೂ ಹೇಳು. ನಗಾಡ್ಬೇಡ.”

“ಊಟ ಮಾಡ್ತೀರಾ?”

“ಮಾಡ್ತೀನಿ.”

ಹದಿನೈದು ದಿನ ಬರೀ ನಡಿಗೆ ಎಂದರು ಡಾಕ್ಟರು. ಮತ್ತೆ ತೋರಿಸಿ, ಅವರು ಒಪ್ಪಿದ ಮೇಲೆ ದಿನ ಬಿಟ್ಟು ದಿನ ಓಟ ಶುರುವಾಯಿತು. ಒಂದು ನಿಮಿಷ ಓಡಿದರೆ ಎರಡು ನಿಮಿಷ ನಡಿಗೆ. ಗೋಡೆಯ ಚೀಟಿಗಳೆಲ್ಲ ಹೋದವು. ಆ ಮೊಳೆಗೆ ಈಗ ಒಂದು ಕ್ಯಾಲೆಂಡರ್ ಇದೆ. ವಾರಕ್ಕೊಂದು ತೂಕ, ಹದಿನೈದು ದಿನಕ್ಕೊಂದು ಸೊಂಟದಳತೆ, ನಿಲ್ಲದೆ ಓಡಿದ ಕಂಬಗಳು. ಮೂಲೆಯಲ್ಲಿ ಹೆಂಡತಿಯ ಕೈಬರಹದಲ್ಲಿ ಒಂದು ಸಾಲು: ‘ಮೆಟ್ಟಿಲಲ್ಲಿ ಒಂದೇ ಕಡೆ ನಿಂತರು.’ ಮುಂದಿನ ತಿಂಗಳ ಪುಟದಲ್ಲಿ: ‘ನಿಲ್ಲಲಿಲ್ಲ.’

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬಿಟ್ಟ ಓಟವನ್ನು ಮತ್ತೆ ಹಿಡಿಯುವುದಾದರೆ ಮೊದಲು ಡಾಕ್ಟರನ್ನು ಕಂಡು ಬನ್ನಿ. ನಿಧಾನವಾಗಿ ಶುರು ಮಾಡಿ. ಅಂಕಿಗೆ ಹೆದರಿ ಊಟ, ನೀರು ಬಿಡಬೇಡಿ. ಎದೆ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನೂ ಒಂದು ಮಾತು, ಇದು ಮನೆಯವರಿಗೆ. ನಿಮ್ಮವರು ಯಾರಾದರೂ ಪ್ಯಾಂಟು ತಂದು ‘ಸ್ವಲ್ಪ ಸಡಿಲ ಮಾಡಿಕೊಡು’ ಎಂದರೆ, ಹೊಲಿಗೆ ಬಿಚ್ಚುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: “ಮೆಟ್ಟಿಲು ಹತ್ತುವಾಗ ಈಗ ಎಷ್ಟು ಕಡೆ ನಿಲ್ತೀಯ?”