ಓಡಿಹೋದವನ ಹೆಂಡತಿ

"ಕೈಕಾಲು ಬೇಗ ಆಡಿಸೇ ಮುಂಡೆ. ಲಾರಿ ಏನು ನಿಮ್ಮಪ್ಪಂದಾ, ಇಡೀ ದಿನ ನಿಲ್ಲೋಕೆ?"

ತಲೆಯ ಮೇಲೆ ಇಟ್ಟಿಗೆ ಹೊತ್ತಿದ್ದವಳು ಹಾಗೆಯೇ ನಿಂತಳು. "ಮುಂಡೆ ಅಂತೀರಿ. ಗಂಡ ಓಡಿಹೋದ ಅಂತ ಊರಿಗೆಲ್ಲ ಹೇಳಿದವರೂ ನೀವೇ. ಎರಡರಲ್ಲಿ ಒಂದು ಹೇಳಿ ಮೇಸ್ತ್ರಿ."

ಲಾರಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ಅತ್ತ ತಿರುಗಿದ್ದೇ ನಗು ಕೆಮ್ಮಾಯಿತು.

"ನಾಯಿಗೂ ಬಾಯಿ ಬಂತು," ಎಂದ ಅವನು. "ಹೊರು, ಹೊರು."

ಅವಳು ಹೊತ್ತಳು.

ಲಾರಿ ನಿಂತಿದ್ದದ್ದು ಬೂದಿ ಕೆರೆಯ ದಂಡೆಯ ಮೇಲೆ. ವಿದ್ಯುತ್ ಕಾರ್ಖಾನೆಯಲ್ಲಿ ಕಲ್ಲಿದ್ದಲು ಸುಟ್ಟು ಉಳಿದ ಬೂದಿಯನ್ನು ನೀರಲ್ಲಿ ಕಲಸಿ, ಕೊಳವೆಗಳಲ್ಲಿ ಹರಿಸಿ ತುಂಬಿಸಿದ ಕೆರೆ ಅದು. ಮೇಲೆ ಹಾಲಿನ ಕೆನೆಯಂತೆ ಗಟ್ಟಿ, ಕೆಳಗೆ ಆಳದ ಕೆಸರು. ಅವಳ ಗಂಡನ ಕೆಲಸ ಕಟ್ಟಿಕೊಂಡ ಕೊಳವೆಗಳ ಬಾಯಿ ಬಿಡಿಸುವುದು. ಒಂದು ಬೆಳಿಗ್ಗೆ ಸಲಿಕೆ ಹೆಗಲಿಗೇರಿಸಿಕೊಂಡು ಹೋದವನು ಮನೆಗೆ ಬರಲಿಲ್ಲ. ಆವತ್ತು ಅವನು ಕೆಲಸಕ್ಕೇ ಬಂದಿರಲಿಲ್ಲ ಎಂದ ಮೇಸ್ತ್ರಿ. ಯಾವಳ ಜೊತೆ ಹೋದನೋ ಏನೋ ಎಂದು ನಗುತ್ತ ಸೇರಿಸಿದ. ಆ ಸೇರಿಸಿದ ಮಾತೇ ಊರಲ್ಲಿ ನಿಂತುಹೋಯಿತು. ಗಂಡನನ್ನು ಹಿಡಿದಿಟ್ಟುಕೊಳ್ಳಲಾರದವಳು ಎಂದು ಅತ್ತೆ ಸಾಯುವ ತನಕ ಸೊಸೆಯ ಮುಖ ನೋಡಿ ಮಾತಾಡಲಿಲ್ಲ. ಊಟದ ಹೊತ್ತಿಗೆ ಹೆಂಗಸರೆಲ್ಲ ಒಟ್ಟಾಗಿ ಬುತ್ತಿ ಬಿಚ್ಚಿದರೆ ಇವಳು ಇಟ್ಟಿಗೆ ಅಚ್ಚು ಹಾಕುವ ಮನೆಯ ಗೋಡೆಯ ಕಡೆ ಮುಖಮಾಡಿ ಉಣ್ಣುತ್ತಿದ್ದಳು. ಗಂಡ ಸತ್ತಿದ್ದರೆ ನಾಲ್ಕು ಜನ ಪಕ್ಕದಲ್ಲಿ ಕೂತು ಅಳುತ್ತಿದ್ದರು. ಓಡಿಹೋದವನಿಗೆ ಯಾರು ಅಳುತ್ತಾರೆ?

ಈಗ ಕೆರೆ ಒಣಗಿತ್ತು, ಬೂದಿಗೆ ಬೆಲೆ ಬಂದಿತ್ತು. ಜೆಸಿಬಿ ಗೇಟಿನ ಕಡೆಯ ತುದಿಯಿಂದ ಅಗೆಯುತ್ತ ಬಂದಿತ್ತು. ಅಗೆದದ್ದು ಅಚ್ಚಿಗೆ ಹೋಗುತ್ತಿತ್ತು, ಇಟ್ಟಿಗೆಯಾಗಿ ಲಾರಿ ಹತ್ತುತ್ತಿತ್ತು.

ಆ ದಿನ ಇಟ್ಟಿಗೆ ಕೊಳ್ಳುವವರನ್ನು ಕರೆದುಕೊಂಡು ಬೂದಿ ಪರೀಕ್ಷೆಯ ಸಾಹೇಬರು ಬಂದಿದ್ದರು. ಚೀಲದಿಂದ ಹಿಡಿ ಬೂದಿ ತೆಗೆದು ತೋರಿಸುತ್ತಿದ್ದರು. "ಮುಕ್ಕಾಲು ಪಾಲು ಮರಳಿನ ಅಂಶ, ಅಲ್ಯೂಮಿನಿಯಂ. ಮಿಕ್ಕಿದ್ದು ಕಬ್ಬಿಣ, ಸುಣ್ಣ. ಸೀಸ, ಪಾಷಾಣ ಚೂರುಪಾರು ಇರುತ್ತೆ. ಇಟ್ಟಿಗೆಯಲ್ಲಿ ಕಟ್ಟಿಬಿದ್ದರೆ ಅದರ ಕಾಟ ಕಡಿಮೆ. ಸಿಮೆಂಟಿಗೂ ಆಗುತ್ತೆ, ರಸ್ತೆಗೂ ಆಗುತ್ತೆ."

ಹೊರೆ ಇಳಿಸಿದ ಅವಳು ತಲೆಯ ಸಿಂಬಿಯನ್ನು ಕೈಯಲ್ಲಿ ಹಿಡಿದು ಹತ್ತಿರ ಬಂದಳು.

"ಸಾರ್, ಇದರಲ್ಲಿ ಮೂಳೆ ಇದ್ರೆ ಗೊತ್ತಾಗುತ್ತಾ?"

ಸಾಹೇಬರು ಒಳ್ಳೆಯ ಪ್ರಶ್ನೆ ಎಂಬಂತೆ ತಲೆದೂಗಿದರು. "ಇಡಿಯಾಗಿ ಸಿಕ್ಕಿದ್ರೆ ಗೊತ್ತಾಗುತ್ತಮ್ಮ. ಪುಡಿ ಆಗ್ಬಿಟ್ರೆ ಕಷ್ಟ. ಮೂಳೇಲೂ ಸುಣ್ಣವೇ ಇರೋದು, ಇದರಲ್ಲೂ ಸುಣ್ಣ ಇದೆ. ಯಾಕೆ, ಕುರಿಗಿರಿ ಬಿದ್ದಿತ್ತಾ?"

ಜೆಸಿಬಿ ಹಳೆಯ ದೊಡ್ಡ ಕೊಳವೆಯ ಬಾಯಿಯ ಕಡೆ ಹೊರಳುತ್ತಿತ್ತು. ಗಂಡ ಹೆಚ್ಚಾಗಿ ಕೆಲಸ ಮಾಡುತ್ತಿದ್ದದ್ದು ಅಲ್ಲಿಯೇ. ಅವಳು ದಂಡೆಯಿಂದ ಜಾರಿಕೊಂಡೇ ಕೆಳಗಿಳಿದಳು, ಕೊಳವೆಯ ಬಾಯಿಗೆ ಹೋಗಿ ಮಂಡಿಯೂರಿದಳು, ಎರಡೂ ಕೈಯಿಂದ ಬೂದಿ ಗೋರತೊಡಗಿದಳು.

ಜೆಸಿಬಿ ಡ್ರೈವರ್ ಎಂಜಿನ್ ನಿಲ್ಲಿಸಿದ.

"ಎತ್ತೋ ಗಾಡಿ," ಎಂದು ಮೇಸ್ತ್ರಿ ದಂಡೆಯ ಮೇಲಿಂದ ಕೂಗಿದ.

"ಹೆಂಗಸು ಕೂತಿದ್ದಾಳೆ. ನಾನು ಬಕೆಟ್ ಇಳಿಸಲ್ಲ."

ಮೇಸ್ತ್ರಿ ದಡದಡ ಇಳಿದುಬಂದ. "ಏಳೇ ಬೋಸುಡಿ. ಏನು ಹೂತಿಟ್ಟಿದ್ದೀಯ ಇಲ್ಲಿ?"

"ನನ್ನ ಗಂಡನ್ನ ಹುಡುಕ್ತಿದ್ದೀನಿ."

ಮೇಲೆ ಕೊಳ್ಳುವವರು ದಂಡೆಯ ಅಂಚಿಗೆ ಬಂದು ನೋಡುತ್ತಿದ್ದರು. ಮೇಸ್ತ್ರಿ ಅವರನ್ನು ನೋಡಿದ, ಇವಳನ್ನು ನೋಡಿದ. ಅವನ ತಾಳ್ಮೆ ಕೆಟ್ಟಿತು. "ಅಯ್ಯೋ ಹುಚ್ಚು ಮುಂಡೆ, ಅವನು ಮುಳುಗಿದ್ದು ಇಲ್ಲಲ್ಲ ಕಣೇ, ಆ ಗೇಟಿನ ಕಡೆ ಕೊಳವೆ ಬಾಯಲ್ಲಿ..."

ಅಂದವನೇ ಬಾಯಿ ಮುಚ್ಚಿಕೊಂಡ.

ಅವಳ ಕೈ ನಿಂತಿತು. ಮೊಣಕೈವರೆಗೂ ಬೂದಿ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಅವನನ್ನೇ ನೋಡಿದಳು.

"ಕೂಗಿದ್ನಾ?" ಎಂದು ಕೇಳಿದಳು. "ಮುಳುಗುವಾಗ ಕೂಗಿದ್ನಾ ಅವನು? ನೀನು ಅಲ್ಲೇ ಇದ್ಯಲ್ಲ. ಏನಂತ ಕೂಗಿದ?"

ಮೇಸ್ತ್ರಿ ಹಿಂದೆ ಸರಿದು ದಂಡೆ ಹತ್ತತೊಡಗಿದ.

ಅವಳು ಎದ್ದು ಗೇಟಿನ ಕಡೆ ತಿರುಗಿದಳು. ಅಲ್ಲಿ ಬೂದಿ ಇರಲಿಲ್ಲ. ತಳದ ಕೆಂಪು ಮಣ್ಣು ಕಾಣುವಷ್ಟು ಕೆರೆದು ತೆಗೆದ ಹೊಂಡ.

"ಆ ಕಡೆಯದನ್ನ ಆಗಲೇ ಇಟ್ಟಿಗೆ ಮಾಡಿಯಾಯ್ತು," ಎಂದ ಡ್ರೈವರ್ ಮೆಲ್ಲಗೆ. "ಇವತ್ತು ಲಾರಿಗೆ ತುಂಬಿಸ್ತಿರೋದು ಅದೇ ಅಕ್ಕ."

ಬೆಳಗಿನಿಂದ ಅವಳು ತಲೆಯ ಮೇಲೆ ಹೊತ್ತದ್ದು ಅದನ್ನೇ.

ಅವಳು ದಂಡೆ ಹತ್ತಿ ಬಂದಳು. ಸಾಹೇಬರು ಕೈಯಲ್ಲಿದ್ದ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು. ಅವಳು ಅವರನ್ನು ದಾಟಿ ನೇರ ಲಾರಿಯ ಬಳಿ ಹೋಗಿ, ಚಕ್ರಕ್ಕೆ ಕಾಲು ಕೊಟ್ಟು ಮೇಲೇರಿದಳು. ಮೇಲಿದ್ದ ಹೆಂಗಸರು ಸರಿದು ಜಾಗ ಬಿಟ್ಟರು.

"ಏನೇ ಮಾಡ್ತಿದ್ದೀಯ?" ಎಂದಳು ಒಬ್ಬಳು. ಆಕೆ ಇವಳನ್ನು ತಾನಾಗಿ ಮಾತಾಡಿಸಿದ್ದು ಅದೇ ಮೊದಲು.

"ಇಳಿಸ್ತಿದ್ದೀನಿ."

ಕೈಗೆ ಹಿಡಿಯುವಷ್ಟು ಇಟ್ಟಿಗೆಯನ್ನು ಎದೆಗವಚಿಕೊಂಡು ಇಳಿದಳು. ರಾಶಿಯಿಂದ ದೂರಕ್ಕೆ ಒಯ್ದು, ಎಸೆಯದೆ, ಒಂದೊಂದನ್ನಾಗಿ ನೆಲದ ಮೇಲಿಟ್ಟಳು. ಮತ್ತೆ ಹತ್ತಿದಳು.

"ಎಳೀರೋ ಅವಳನ್ನ," ಎಂದು ಮೇಸ್ತ್ರಿ ಕೂಗುತ್ತಿದ್ದ. ಯಾರೂ ಅಲುಗಲಿಲ್ಲ. ಅವಳ ಜೊತೆ ಕೈಹಾಕುವುದಕ್ಕೂ ಯಾರೂ ಬರಲಿಲ್ಲ. ಲಾರಿಯಲ್ಲಿ ಇನ್ನೂ ಎದೆಮಟ್ಟಕ್ಕೆ ಇಟ್ಟಿಗೆ ಇತ್ತು. ಅವಳು ಬಾಗಿ ಇನ್ನೊಮ್ಮೆ ತೋಳು ತುಂಬಿಕೊಂಡಳು.