ಎರಡು ಕೈ ಬಳೆಯಷ್ಟು ಉಸಿರು

ಆಲ್ಬ್ರೆಕ್ಟ್ ಸೈಲರ್ ಎಂಬ ತರುಣ ಪಾದ್ರಿಗೆ ದೇವರು ಧಾರಾಳವಾಗಿ ಕೊಟ್ಟದ್ದು ಒಂದೇ ಒಂದು: ಉಸಿರು. ಉಳಿದದ್ದನ್ನೆಲ್ಲ ಕೊಡುವಾಗ ಭಗವಂತನ ಕೈ ತುಸು ಬಿಗಿಯಾಗಿಯೇ ಇತ್ತು. ಕೂದಲು ಒಣಹುಲ್ಲಿನ ಬಣ್ಣದ್ದು, ಮೂಗು ರೋಣದ ಬಿಸಿಲಿಗೆ ಬದನೆಕಾಯಿಯಂತೆ ಸುಟ್ಟು ಸಿಪ್ಪೆ ಬಿಡುವಂಥದ್ದು, ಎದೆ ಬಾಗಿಲ ಹಲಗೆಯಷ್ಟು ಸಪಾಟು. ಆದರೆ ಆ ಸಪಾಟು ಎದೆಯೊಳಗೆ ಕಮ್ಮಾರನ ತಿದಿಯಂಥದ್ದೇನೋ ಅಡಗಿತ್ತು. ಕಂಪನಿ ಸರಕಾರದ ಆ ಕಾಲದಲ್ಲಿ, ರೋಣದ ಸಂತೆಯ ಬೇವಿನ ಮರದ ಕೆಳಗೆ ನಿಂತು ಆತ ತನ್ನ ದೇವರ ಪದ ಹಾಡುತ್ತ ಕೊನೆಯ ಸಾಲಿನ ಕೊನೆಯ ಸ್ವರವನ್ನು ಎಳೆಯಲು ಹಿಡಿದರೆ, ಜೋಳ ಅಳೆಯುತ್ತಿದ್ದವನ ಸೇರು ಅರ್ಧಕ್ಕೆ ನಿಲ್ಲುತ್ತಿತ್ತು, ಮೆಲುಕು ಹಾಕುತ್ತಿದ್ದ ಎತ್ತು ಮೆಲುಕು ಮರೆಯುತ್ತಿತ್ತು, ಜಗಳವಾಡುತ್ತಿದ್ದ ಇಬ್ಬರು ಹೆಂಗಸರು ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು. ಸ್ವರ ಮಾತ್ರ ಮುಗಿಯುತ್ತಿರಲಿಲ್ಲ.

ಈ ಉಸಿರಿಗೆ ಅಳತೆಗೋಲು ಕಂಡುಹಿಡಿದವನು ಬಳೆಗಾರ ಉಸ್ಮಾನಸಾಬ. ಅವನು ತನ್ನ ಬಳೆಗಂಟಿನ ಮಲಾರ ಬಿಚ್ಚುತ್ತಿದ್ದದ್ದು ಅದೇ ಬೇವಿನ ಮರದ ಇನ್ನೊಂದು ಮಗ್ಗುಲಿಗೆ. ಪಾದ್ರಿ ಸ್ವರ ಹಿಡಿದ ಕ್ಷಣಕ್ಕೆ ಸರಿಯಾಗಿ ಎದುರಿಗೆ ಕೂತವಳ ಮುಂಗೈ ಹಿಡಿದು ಬಳೆ ಏರಿಸಲು ಶುರುಮಾಡುತ್ತಿದ್ದ. ಮೊದಲು ಎಡಗೈ, ಆಮೇಲೆ ಬಲಗೈ. ಒಂದೂ ಬಳೆ ಒಡೆಯದಂತೆ ಎರಡೂ ಕೈ ತುಂಬಿಸಿ ತಲೆ ಎತ್ತಿದರೆ, ಪಾದ್ರಿಯ ಸ್ವರ ಆಗಷ್ಟೇ ನೆಲಕ್ಕಿಳಿಯುತ್ತಿತ್ತು.

“ಎರಡು ಕೈ ಬಳಿ ಆತೂ!” ಎಂದು ಉಸ್ಮಾನಸಾಬ ಸಾರುತ್ತಿದ್ದ. ಸಂತೆ ಹೋ ಎನ್ನುತ್ತಿತ್ತು. ಬಳಿಕ ಎಲ್ಲರೂ ತಮ್ಮ ತಮ್ಮ ಉಳ್ಳಾಗಡ್ಡಿ ಬೆಳ್ಳುಳ್ಳಿಯ ಕಡೆಗೆ ಚದುರಿಬಿಡುತ್ತಿದ್ದರು.

ಎಡವಟ್ಟಾಗುತ್ತಿದ್ದದ್ದು ಇಲ್ಲಿಯೇ. ಪಾದ್ರಿಗೆ ಹಾಡು ಬರಿಯ ಬಾಗಿಲು. ಜನ ಒಳಗೆ ಬರಲಿ, ಆಮೇಲೆ ದೇವರ ಮಾತಿನ ಪ್ರಸಂಗ ಮಾಡಿ ಅವರ ಆತ್ಮವನ್ನು ಹಿಡಿಯೋಣ ಎಂಬುದು ಆತನ ವ್ಯೂಹ. ಜನ ಬಾಗಿಲನ್ನೇ ನೋಡಿ, ಮೆಚ್ಚಿ, ಹಿಂದಿರುಗುತ್ತಿದ್ದರು. ಪ್ರಸಂಗ ಕೇಳಲು ಉಳಿಯುತ್ತಿದ್ದವು ಬೇವಿನ ಮರ ಮತ್ತು ಅದಕ್ಕೆ ಕಟ್ಟಿದ ಯಾರದೋ ಆಡು.

ಈ ಉಸಿರಿನ ಮೂಲ ಆತನ ತಂದೆಯ ಕಸುಬಿನಲ್ಲಿತ್ತು. ಜರ್ಮನಿಯ ಕಪ್ಪು ಕಾಡೆಂಬ ಸೀಮೆಯಲ್ಲಿ ತಂದೆ ಗಾಜು ಊದುವವನು. ಕೊಳವೆಯ ತುದಿಯ ಕಾದ ಗಾಜು ಸೀಸೆಯಾಗುವವರೆಗೆ ಉಸಿರು ತಪ್ಪುವಂತಿಲ್ಲ. ಮಗನೂ ಹಲ್ಲು ಬಂದಾಗಿನಿಂದ ಊದಿದವನೇ. ಇದನ್ನು ಕೇಳಿದ ದಿನ ಉಸ್ಮಾನಸಾಬನಿಗೆ ಆದ ಆನಂದ ಹೇಳತೀರದು.

“ಅಂದ್ರ ನೀವೂ ಗಾಜಿನ ಮಂದಿ! ನಮ್ಮವರಾದ್ರಿ ಬಿಡ್ರಿ. ಈ ದೇವರ ದಂಧೆ ಬಿಟ್ಟು ಬಳಿ ದಂಧೆಗೆ ಬರ್ರಿ, ಇಬ್ಬರೂ ಕೂಡಿ ಗಜೇಂದ್ರಗಡದ ಪ್ಯಾಟಿ ಹೊಡಿಯೋಣು.”

ಪಾದ್ರಿ ಗಂಭೀರವಾಗಿ ತಲೆಬಾಗಿ, “ಎಲೈ ಮಿತ್ರನೇ, ನಿನ್ನ ಆಹ್ವಾನದಿಂದ ನಾನು ಸಂತುಷ್ಟನಾದೆನು, ಆದರೆ ನನ್ನ ಒಡೆಯನು ಬೇರೊಬ್ಬನಿರುವನು” ಎಂದ.

ಆತನ ಕನ್ನಡ ಹೀಗೆಯೇ. ಮಂಗಳೂರಿನಲ್ಲಿ ಯಾವುದೋ ಪಂಡಿತರ ಬಳಿ ಹಳೆಯ ಕಾವ್ಯಗಳನ್ನಿಟ್ಟುಕೊಂಡು ಕಲಿತದ್ದು. ರೋಣಕ್ಕೆ ಬಂದ ಹೊಸದರಲ್ಲಿ ಕೆರೆಯ ದಂಡೆಯಲ್ಲಿ ಒಬ್ಬ ಹೆಂಗಸಿಗೆ “ಎಲೌ ಸುಶೀಲೆ, ತೃಷಾರ್ತನಾದ ನನಗೆ ಜಲವನ್ನು ದಯಪಾಲಿಸು” ಎಂದು ಕೈಮುಗಿದಿದ್ದ. ಅವಳು ಕೊಡ ಇಳಿಸಿ, “ಬಯಲಾಟದ ರಾಜ ಬಂದಾನ, ಬರ್ರೇ!” ಎಂದು ಗೆಳತಿಯರನ್ನು ಕೂಗಿದಳು. ಅವರೆಲ್ಲ ಬಂದು, ಈತ ಯಾವಾಗ ಕುಣಿಯುತ್ತಾನೋ ಎಂದು ಸಾಲಾಗಿ ಕುಳಿತರು. ನೀರು ಸಿಕ್ಕಿತು, ಕುಣಿಯಲಿಲ್ಲವೆಂಬ ಬೇಸರ ಮಾತ್ರ ಅವರಿಗೆ ಉಳಿಯಿತು.

ಇನ್ನು ಕೋಟು. ಅದರ ಬಗ್ಗೆ ಹೇಳದಿದ್ದರೆ ಅಪಚಾರವಾದೀತು. ದಪ್ಪ ಉಣ್ಣೆಯ, ಮೊಣಕಾಲಿನವರೆಗಿನ, ಇದ್ದಿಲಿನಂಥ ಕರಿಯ ಕೋಟು. ಹಿಮ ಬೀಳುವ ಊರಿಗೆಂದು ಹೊಲಿಸಿದ್ದನ್ನು ಆತ ವೈಶಾಖದ ಬಿಸಿಲಿನಲ್ಲಿ ಗುಂಡಿಯನ್ನೂ ಬಿಚ್ಚದೆ ತೊಟ್ಟು, ಹೊಲ ಅಳೆಯುವ ಅಮೀನನಂತೆ ಮಾರುದ್ದದ ಹೆಜ್ಜೆ ಹಾಕುತ್ತ ನಡೆಯುತ್ತಿದ್ದ. ದೇವರ ಮಾತು ಹೇಳುವವನು ದೇವರ ಮುಂದೆ ನಿಂತಂತೆಯೇ ಇರಬೇಕೆಂಬುದು ಆತನ ಹಟ. ಮಳೆಯಾದರೆ ಎರೆಯ ಮಣ್ಣು ಬೂಟಿಗೆ ಅಂಟಿ ಅಂಟಿ ಆನೆಕಾಲಾಗುತ್ತಿತ್ತು. ಆಗಲೂ ಹೆಜ್ಜೆಯ ಉದ್ದ ಕಡಿಮೆಯಾಗುತ್ತಿರಲಿಲ್ಲ, ಕೋಟು ಕಳಚುತ್ತಿರಲಿಲ್ಲ. ಊರು ಆತನಿಗೆ ಕರೀಕೋಟಿನ ಪಾದ್ರಿ ಎಂದು ಹೆಸರಿಟ್ಟು, ತಂದೆತಾಯಿ ಇಟ್ಟಿದ್ದನ್ನು ಸುಮ್ಮನೆ ಕೈಬಿಟ್ಟಿತು.

ಊರ ಹೊರಗಿನ ಒಂದು ಹಾಳು ಮಂಟಪದಲ್ಲಿ ವಾಸ. ಬೆಳಕು ಹರಿಯುವ ಮುಂಚೆ ಪ್ರಾರ್ಥನೆ, ಅನಂತರ ಶಬ್ದಗಳ ಬಾಯಿಪಾಠ, ಅನಂತರ ಅಡಿವೆವ್ವ ತಂದುಕೊಡುವ ರೊಟ್ಟಿ. ಅಡಿವೆವ್ವ, ಸಾಹುಕಾರ ತೋಟಪ್ಪನ ಮನೆಯ ಆಳು ಪರಶಪ್ಪನ ಹೆಂಡತಿ. ಅವಳ ಕೆಂಪು ಖಾರ ತಿಂದ ಮೊದಲ ದಿನ ಪಾದ್ರಿಯ ಕಣ್ಣುಗಳಿಂದ ಧಾರಾಕಾರವಾಗಿ ನೀರು ಇಳಿಯಿತು. “ಅಳಬ್ಯಾಡ್ರಿ ನನ್ನಪ್ಪ. ಹಡದವ್ವ ನೆನಪಾದಳೇನ್ರಿ?” ಎಂದು ಅಡಿವೆವ್ವ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡು, ಸಮಾಧಾನಕ್ಕೆಂದು ಇನ್ನೊಂದಿಷ್ಟು ಖಾರ ಹಾಕಿದಳು. ಆತ ತಿಂದ. ಈ ತರುಣನ ಶೌರ್ಯದ ಪ್ರಕರಣಗಳಲ್ಲಿ ಇದನ್ನೂ ಸೇರಿಸಬೇಕು.

ಹೊಲದ ಕೆಲಸವಿಲ್ಲದ ದಿನಗಳಲ್ಲಿ ಪರಶಪ್ಪ ಆತನ ಪುಸ್ತಕದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗುತ್ತಿದ್ದ. ಈ ಇಬ್ಬರ ದಿಗ್ವಿಜಯವನ್ನು ಎಷ್ಟೆಂದು ಬಣ್ಣಿಸುವುದು! ನರಗುಂದದ ಕೋಟೆಯ ಬಾಗಿಲಲ್ಲಿ ಪಾದ್ರಿ ಸ್ವರ ತೆಗೆದಾಗ, ಯಾವುದೋ ದಂಡಿನ ಕಹಳೆ ಎಂದುಕೊಂಡ ಮುದಿ ಕಾವಲುಗಾರ ಬಾಗಿಲನ್ನೇ ಮುಚ್ಚಿಬಿಟ್ಟ. ಗಜೇಂದ್ರಗಡದಲ್ಲಿ ಆತನ ಸ್ವರ ಗುಡ್ಡದ ಬಂಡೆಗೆ ಬಡಿದು ತಿರುಗಿ ಬರಲು, ಮೇಲೆ ಯಾರೋ ತನಗಿಂತ ಚೆನ್ನಾಗಿ ಹಾಡುತ್ತಿದ್ದಾರೆಂದು ಪಾದ್ರಿ ಟೋಪಿ ತೆಗೆದು ನಮಸ್ಕರಿಸಿದ. ಪರಶಪ್ಪ ಅಂದು ಪೆಟ್ಟಿಗೆ ಇಳಿಸಿ, ನೆಲದ ಮೇಲೆ ಹೊರಳಾಡಿ ನಕ್ಕ. ನಕ್ಕು ದಣಿದ ಮೇಲೆ ಪಾಠ ಹೇಳಿದ.

“ನೀರ ಕೊಡ್ರಿ ಅನ್ನರಿ. ಲಗೂ ಬರ್ರಿ ಅನ್ನರಿ. ಮನಿಷ್ಯಾ ಮಾತಾಡಿದಂಗ ಮಾತಾಡ್ರಿ ಯಪ್ಪಾ, ಖರೇ ಹೇಳತೀನಿ, ಅರ್ಧಾ ಊರು ನಿಮ್ಮ ಹಿಂದ ಬರತೈತಿ.”

“ನಿನ್ನ ಹಿತೋಪದೇಶವನ್ನು ಶಿರಸಾ ವಹಿಸುವೆನು” ಎಂದ ಪಾದ್ರಿ. ಪರಶಪ್ಪ ಪೆಟ್ಟಿಗೆ ಎತ್ತಿಕೊಂಡ.

ಎರಡು ಕೈ ಬಳೆಯ ಸುದ್ದಿ ಬೆಟಗೇರಿಯ ಹಿರಿಯ ಪಾದ್ರಿಯ ಕಿವಿಗೂ ಬಿತ್ತು. ಆತ ನಗೆಯನ್ನು ಸಹ ಅನುಮಾನಿಸುವ ಕಟ್ಟುನಿಟ್ಟಿನ ಮನುಷ್ಯ. ಕಿರಿಯನನ್ನು ಕರೆಸಿ, “ಸಂತೆಯಲ್ಲಿ ಉಸಿರು ತೋರಿಸಲು ನಿನ್ನನ್ನು ಸಮುದ್ರ ದಾಟಿಸಲಿಲ್ಲ. ಅದು ಡಂಬ. ಇನ್ನು ಮೇಲೆ ಹಾಡಬೇಡ. ಮುಂಗಾರಿನ ಹೊತ್ತಿಗೆ ಒಬ್ಬನಾದರೂ ಕುಳಿತು ನಿನ್ನ ಪ್ರಸಂಗ ಕೇಳದಿದ್ದರೆ ಮಂಗಳೂರಿನ ಛಾಪಖಾನೆಗೆ ಹೊರಡು, ಅಲ್ಲಿ ಅಚ್ಚಿನ ಮೊಳೆ ಜೋಡಿಸು” ಎಂದ. ತರುಣ ಟೋಪಿ ಎತ್ತಿಕೊಂಡು ಹೊರಟ. ರೋಣಕ್ಕೆ ಮರಳಿ ಹಾಡುವುದನ್ನು ನಿಲ್ಲಿಸಿದ. ಪ್ರಸಂಗಕ್ಕೆ ಆಡು ಸಹ ಬರಲೊಲ್ಲದಾಯಿತು. ಉಸ್ಮಾನಸಾಬ ಬಳೆ ಕೈಯಲ್ಲಿ ಹಿಡಿದು ಆತನ ಮುಖವನ್ನೇ ನೋಡಿ, “ಯಾಕ್ರಿ, ಗಂಟಲಾ ಬಿದ್ದೈತೇನ್ರಿ?” ಎಂದ. ಪಾದ್ರಿ ಪುಸ್ತಕದ ಪೆಟ್ಟಿಗೆಯ ಮುಚ್ಚಳ ಹಾಕಿದ. ಛಾಪಖಾನೆಯ ಮಸಿವಾಸನೆ ಈಗಾಗಲೇ ಆತನ ಮೂಗಿಗೆ ಹತ್ತಿತ್ತು.

ಮುಂಗಾರಿಗೆ ಇನ್ನೂ ದಿನಗಳಿರುವಾಗ ತೋಟಪ್ಪ ತನ್ನ ಹಗೇವು ತೆಗೆಸಿದ. ಈ ಸೀಮೆಯಲ್ಲಿ ಜೋಳವನ್ನು ಕಾಯ್ದಿಡುವುದು ನೆಲದೊಳಗಿನ ಹಗೇವುಗಳಲ್ಲಿ: ಮೇಲೆ ಒಬ್ಬ ಮನುಷ್ಯ ಮೈ ಬಿಗಿಹಿಡಿದು ಇಳಿಯುವಷ್ಟೇ ಬಾಯಿ, ಕೆಳಗೆ ಗುಡಾಣದಂಥ ಹೊಟ್ಟೆ. ಮುಚ್ಚಿಟ್ಟ ಕಾಳು ಒಳಗೇ ಬೆವೆತು ಗಾಳಿಯನ್ನು ಕೆಡಿಸಿರುತ್ತದೆ. ಬಾಯಿ ತೆಗೆದು ಒಂದು ದಿನ ಬಿಟ್ಟು, ದೀಪ ಇಳಿಸಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಅಂದು ಪಡುವಣದಲ್ಲಿ ಇದ್ದಕ್ಕಿದ್ದಂತೆ ಮೋಡ ಎದ್ದಿತು. ತೆರೆದ ಹಗೇವಿಗೆ ಮಳೆನೀರು ಇಳಿದರೆ ಇಡೀ ಜೋಳ ಮುಗ್ಗಲು. ಹೊರಗೆ ತೆಗೆದು ಮನೆಗೆ ಸಾಗಿಸುವ ಅವಸರದಲ್ಲಿ ತೋಟಪ್ಪ ದೀಪವನ್ನು ಮರೆತ, ಪರಶಪ್ಪ ತನ್ನನ್ನೇ ಮರೆತು ಇಳಿದ.

ಪಾದ್ರಿ ಕೂಗು ಕೇಳಿ ಓಡಿಬಂದಾಗ ಅಡಿವೆವ್ವ ಹಗೇವಿನ ಬಾಯಿಗೆ ಬೋರಲು ಬಿದ್ದಿದ್ದಳು. ಇಬ್ಬರು ಅವಳ ಕಾಲು ಹಿಡಿದು ಎಳೆಯುತ್ತಿದ್ದರು. ಆಮೇಲೆ ಇಳಿಬಿಟ್ಟ ದೀಪ ಅರ್ಧಕ್ಕೇ ಆರಿಹೋಗಿತ್ತು. ಕಂಬಳಿ ಬೀಸಿ ಗಾಳಿ ಹಾಕುತ್ತಿದ್ದರು. ಒಳಗಿನಿಂದ ಸದ್ದಿಲ್ಲ.

“ತಗೀರ್ಯಪ್ಪೋ ನನ್ನ ಗಂಡನ್ನ! ನಿಮ್ಮ ಜ್ವಾಳಕ್ಕ ಬೆಂಕಿ ಹತ್ತಲಿ, ತಗೀರಿ!”

“ಯಾರನ್ನ ಇಳಸಲವ್ವಾ?” ಎಂದ ತೋಟಪ್ಪ. “ಇಳದಾಂವಾ ಒಳಗ ಉಸುರ ತಗೊಂಡನಂದ್ರ ಮುಗೀತು. ಒಬ್ಬನ ಜೋಡಿ ಇನ್ನೊಬ್ಬ ಹೊಕ್ಕಾನ.”

“ಉಸಿರನ್ನು ತೆಗೆದುಕೊಳ್ಳದಿದ್ದರೆ?” ಎಂದ ಪಾದ್ರಿ.

ಎಲ್ಲರೂ ತಿರುಗಿ ನೋಡಿದರು. ಮೊದಲು ಅರ್ಥವಾದದ್ದು ಉಸ್ಮಾನಸಾಬನಿಗೆ. “ಯಾ ಅಲ್ಲಾ,” ಎಂದ. “ಹಗ್ಗ ತರ್ರೋ. ಎರಡು ತರ್ರಿ!”

ಪಾದ್ರಿ ಇಳಿಯಲು ಕಾಲಿಟ್ಟ. ಕೋಟು ಹಗೇವಿನ ಬಾಯಿಗೆ ಸಿಕ್ಕಿಕೊಂಡಿತು. ಆಗ, ಕುರುಕ್ಷೇತ್ರದಲ್ಲೂ ಕಾಣದಂಥ ಒಂದು ಘಟನೆ ನಡೆಯಿತು: ಆತ ಮೇಲೆ ಬಂದು, ಗುಂಡಿಗಳನ್ನು ಬಿಚ್ಚುವ ತಾಳ್ಮೆಯೂ ಇಲ್ಲದೆ ಹರಿದು, ಕೋಟನ್ನು ಕಳಚಿ ಎಸೆದ. ಒಳಗೆ ಕಂಡದ್ದು ಕಟ್ಟಿಗೆಯಂಥ ಎರಡು ತೋಳು. “ಅಯ್ಯ, ಒಳಗ ಮನಿಷ್ಯಾನಽ ಇಲ್ಲಲ್ಲೋ” ಎಂದು ಯಾರೋ ಗೊಣಗಿದರು. ಮನುಷ್ಯ ಮೂರು ಸಲ ದೀರ್ಘವಾಗಿ ಉಸಿರಾಡಿ, ನಾಲ್ಕನೆಯದನ್ನು ಎಳೆದು, ಬಾಯಿ ಬಿಗಿದು, ಒಂದು ಹಗ್ಗವನ್ನು ಸೊಂಟಕ್ಕೂ ಇನ್ನೊಂದನ್ನು ಕೈಗೂ ಸುತ್ತಿಕೊಂಡು ಕತ್ತಲೆಗೆ ಇಳಿದುಹೋದ.

ಕೆಳಗೆ ಆತನಿಗೆ ಏನೂ ಕಾಣಲಿಲ್ಲ. ಜೋಳ ಮೊಣಕಾಲಿನವರೆಗೆ ಜಾರಿತು. ತಡಕಿದ ಕೈಗೆ ಒಂದು ಕಾಲು, ಒಂದು ಎದೆ ಸಿಕ್ಕಿತು. ನಕ್ಕು ಹೊರಳಾಡಿದ್ದ ಎದೆ, ಈಗ ತಣ್ಣಗೆ ಮಲಗಿತ್ತು. ಕಂಕುಳಲ್ಲಿ ಹಗ್ಗ ತೂರಿಸಿ ಗಂಟು ಹಾಕಬೇಕು. ಬೆರಳು ಮಾತು ಕೇಳಲೊಲ್ಲದು. ತಂದೆಯ ಕುಲುಮೆಯಲ್ಲಿ ಕಾದ ಗಾಜು ಕೊಳವೆಯ ತುದಿಯಲ್ಲಿ ತೂಗುತ್ತಿದ್ದಾಗ ಹೇಗೋ ಹಾಗೆ, ಈಗಲೂ ಒಂದೇ ಯೋಚನೆ: ಬಿಡಬಾರದು.

ಮೇಲೆ ಉಸ್ಮಾನಸಾಬ ಕಣ್ಣು ಮುಚ್ಚಿ, ಗಾಳಿಯಲ್ಲಿ ಇಲ್ಲದ ಮುಂಗೈಗೆ ಇಲ್ಲದ ಬಳೆ ಏರಿಸುತ್ತಿದ್ದ. “ಒಂದು ಕೈ ಆತು,” ಎಂದ. ಎರಡನೆಯ ಕೈ ಅರ್ಧ ತುಂಬಿದಾಗ ಹಗ್ಗ ಅಲುಗಿತು. “ಎಳೀರಿ!” ಬಾಯಿ ಕಿರಿದು, ಒಬ್ಬನೇ ಬರಬೇಕು. ಬಂದದ್ದು ಪರಶಪ್ಪ. ಜೋಲುಬಿದ್ದ ತಲೆ, ಜೋಳ ಮೆತ್ತಿದ ಮೀಸೆ. ಅಡಿವೆವ್ವ ಅವನನ್ನು ತೊಡೆಯ ಮೇಲೆ ಎಳೆದುಕೊಂಡು ಎದೆ ಗುದ್ದತೊಡಗಿದಳು. ಪಾದ್ರಿಯ ಹಗ್ಗವನ್ನು ಎಳೆಯಹೋದರೆ ಅದು ಬಾಯಿಯ ಕಲ್ಲಿಗೆ ಸಿಕ್ಕಿ ನಿಂತಿತು.

“ಎರಡು ಕೈ ಆತು,” ಎಂದ ಉಸ್ಮಾನಸಾಬ. ಕಣ್ಣು ತೆರೆದ. “ಎರಡೂ ಕೈ ತುಂಬಿದುವಲ್ಲೋ! ಮೂರನೇ ಕೈ ಎಲ್ಲಿಂದ ತರಲೋ, ಎಳೀರೋ!”

ತೋಟಪ್ಪ ಸಾಹುಕಾರ ತನ್ನ ಹೊಟ್ಟೆಯನ್ನೂ ಗೌರವವನ್ನೂ ಲೆಕ್ಕಿಸದೆ ಬೋರಲು ಬಿದ್ದು, ತೋಳಿನುದ್ದ ಒಳಗೆ ಕೈಹಾಕಿ ಹಗ್ಗ ಬಿಡಿಸಿದ. ಎಳೆದರು. ಮೊದಲು ಹುಲ್ಲುಬಣ್ಣದ ಕೂದಲು, ಅನಂತರ ನೇರಳೆಹಣ್ಣಿನಂತಾದ ಮುಖ. ಬೆಳಕಿಗೆ ಬಂದೊಡನೆ ಆ ಮುಖ ಬಾಯಿ ತೆರೆದು ಗಾಳಿ ಎಳೆದುಕೊಂಡ ಸದ್ದು ಓಣಿಯ ಆಚೆಗೂ ಕೇಳಿಸಿತಂತೆ. ಎರಡನೆಯ ಉಸಿರಿಗೆ ಮಾತು ಬಂದಿತು. ಮಂಗಳೂರಿನ ಪಂಡಿತರು ಕಲಿಸಿದ ಒಂದು ಶಬ್ದವೂ ಅದರಲ್ಲಿರಲಿಲ್ಲ.

“ಪರಶ್ಯಾ ಹ್ಯಾಂಗದಾನ? ಲಗೂ ಹೇಳ್ರಿ!”

ಪರಶಪ್ಪ ಅಷ್ಟರಲ್ಲಿ ಕೆಮ್ಮಿದ. ಕಣ್ಣು ಬಿಟ್ಟ. ತುಟಿಯ ತುದಿಯಲ್ಲಿ ನಗೆ ತರಲು ಹೆಣಗಿ, “ಈಗ ನೋಡ್ರಿ,” ಎಂದ, “ಈಗ ಮನಿಷ್ಯಾನಂಗ ಮಾತಾಡಿದ್ರಿ.”

ಅದೇ ಗಳಿಗೆಗೆ ಮಳೆಯ ಹನಿ ಬಿದ್ದವು. ಸಾಹುಕಾರ ಎಷ್ಟಾದರೂ ಸಾಹುಕಾರ. ಕಣ್ಣೀರು ಒರೆಸಿಕೊಳ್ಳುತ್ತಲೇ ಸುತ್ತ ನೋಡಿ, ಕೈಗೆ ಸಿಕ್ಕ ಕರಿಯ ಕೋಟನ್ನು ಹಗೇವಿನ ಬಾಯಿಗೆ ಹಾಸಿ, ಅದರ ಮೇಲೆ ಕಲ್ಲು ಎಳೆದ. ಹಿಮಕ್ಕೆಂದು ಹೊಲಿದ ಉಣ್ಣೆಯಿಂದ ಒಂದು ಹನಿಯೂ ಒಳಗೆ ಸೋರಲಿಲ್ಲ. ಕೋಟಿನ ಒಡೆಯ ತೆಳ್ಳಗಿನ ಅಂಗಿಯಲ್ಲಿ ಮಳೆಗೆ ಮುಖವೊಡ್ಡಿ ಕುಳಿತಿದ್ದ, ಗಾಳಿಯನ್ನು ರೊಟ್ಟಿಯಂತೆ ತಿನ್ನುತ್ತ.

ಮುಂದಿನ ಸಂತೆಗೆ ಬೇವಿನ ಮರದ ಕೆಳಗೆ ಆಡು ಇದ್ದ ಜಾಗದಲ್ಲಿ ಪರಶಪ್ಪ ಕುಳಿತಿದ್ದ. “ಆ ಯಪ್ಪಾ ನಿನ್ನ ಸಲುವಾಗಿ ಉಸುರ ಹಿಡದಾನ,” ಎಂದು ಅಡಿವೆವ್ವ ತಾಕೀತು ಮಾಡಿ ಕಳಿಸಿದ್ದಳು, “ಆತನ ಮಾತು ಮುಗಿಯೂತನಾ ನೀ ಬಾಯಿ ಹಿಡಕೊಂಡು ಕುಂದ್ರು.” ಅವನು ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ, ನಡುವೆ ತುಸು ನಿದ್ದೆ ಮಾಡಿದನೆಂಬುದು ದೊಡ್ಡ ಸಂಗತಿಯಲ್ಲ. ಅವನು ತನ್ನ ದೇವರನ್ನು ಬಿಡಲೂ ಇಲ್ಲ, ಬೇವಿನ ನೆರಳನ್ನು ಬಿಡಲೂ ಇಲ್ಲ. ಹಿರಿಯ ಪಾದ್ರಿ ಸುದ್ದಿ ಕೇಳಿ ಕುದುರೆ ಏರಿ ಬಂದ, ಮಲಗಿದ್ದ ಶ್ರೋತೃವನ್ನು ಕಂಡ, ಕುದುರೆ ಇಳಿದ. ಕೊನೆಗೆ, “ಛಾಪಖಾನೆಗೆ ಬೇರೆ ಯಾರನ್ನಾದರೂ ನೋಡೋಣ. ಹಾಡು. ಆದರೆ ಆಮೆನ್ ಒಂದನ್ನು ಮಾತ್ರ ಎಳೆ” ಎಂದ. ಉಸ್ಮಾನಸಾಬ ಆಗಲೇ ಒಬ್ಬಳ ಎಡಗೈ ಹಿಡಿದುಕೊಂಡಿದ್ದ.

ದೂರದ ದೇಶದಿಂದ ದೊಡ್ಡ ಹೊರೆ ಹೊತ್ತು ಬರುವ ಇಂಥ ತರುಣರು ಅಲ್ಲಲ್ಲಿ ಇರುತ್ತಾರೆ. ಹೊರೆಯನ್ನು ಬಿಚ್ಚಿ ಹಂಚುವುದೇ ತಮ್ಮ ಕೆಲಸವೆಂದು ಅವರು ನಂಬಿರುತ್ತಾರೆ. ಊರು ಅದನ್ನು ಮುಟ್ಟಿ ನೋಡಿ ಕಟ್ಟೆಯ ಮೇಲಿಟ್ಟು, ತಾವು ತಂದಿದ್ದೇವೆಂದು ಅವರಿಗೇ ಗೊತ್ತಿಲ್ಲದ ಯಾವುದನ್ನೋ ತನಗೆ ಬೇಕಾದ ದಿನ ಕೇಳುತ್ತದೆ. ಅದನ್ನು ಕೊಡಲು ಕೋಟನ್ನು ಹರಿದು ಎಸೆಯಬೇಕಾಗುತ್ತದೆ. ಎಸೆಯಬಲ್ಲವರನ್ನು ಊರು ತನ್ನವರೆಂದು ಒಪ್ಪಿಕೊಳ್ಳುತ್ತದೆ, ಅವರು ಹೇಳಲು ಬಂದದ್ದನ್ನೂ ನೆರಳಿನಲ್ಲಿ ಕುಳಿತು, ಅರೆನಿದ್ದೆಯಲ್ಲಾದರೂ, ಪೂರ್ತಿ ಕೇಳುತ್ತದೆ.